ಎಡಗೈಗೆ ಮಾತು ಕಲಿಸಿದವಳು

ಸೋಮವಾರಪೇಟೆಯ ಬಸ್ ಸ್ಟ್ಯಾಂಡಿನ ಹತ್ತಿರದ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಶಾಂಭವಿಗೆ ಬಾಯಿಮಾತಿಗಿಂತ ಮೊದಲು ಕೈಮಾತು ಬಂತು. ತಂದೆ ಸಿದ್ದರಾಜು, ತಾಯಿ ಬೋಜಮ್ಮ ಇಬ್ಬರೂ ಹುಟ್ಟು ಕಿವುಡರು. ಮನೆಯಲ್ಲಿ ಜಗಳವೂ ತಮಾಷೆಯೂ ಸನ್ನೆ ಭಾಷೆಯಲ್ಲೇ. ಪಕ್ಕದ ಮನೆಯ ಅಜ್ಜಿಯೊಬ್ಬಳು ಎತ್ತಿಕೊಂಡು ಓಡಾಡಿಸಿ ಮಾತಾಡಿಸದಿದ್ದರೆ ತಾನು ಬಾಯಿ ಬಿಡುವುದು ಇನ್ನೂ ತಡವಾಗುತ್ತಿತ್ತು ಎಂದು ಅವಳು ಈಗಲೂ ನಗುತ್ತಾಳೆ.

ಮಾತು ಬಂದದ್ದೇ ತಡ, ಅವಳು ತಂದೆತಾಯಿಗೆ ನಾಲಿಗೆಯಾದಳು. ಆಸ್ಪತ್ರೆಗೆ, ಬ್ಯಾಂಕಿಗೆ, ರೇಷನ್ ಅಂಗಡಿಗೆ ಎಲ್ಲಿಗೆ ಹೋದರೂ ಅವರಿಬ್ಬರ ನಡುವೆ ಲಂಗ ಹಾಕಿದ ಈ ಪುಟ್ಟ ಹುಡುಗಿ ಇರುತ್ತಿದ್ದಳು. ಸಿದ್ದರಾಜು ಬೋರ್ಡು ಬರೆಯುವವನು. ಎಸ್ಟೇಟಿನ ಗೇಟಿಗೆ, ಲಾರಿಯ ನೆತ್ತಿಗೆ, ಅಂಗಡಿಯ ಮುಂದೆ ಅವನು ಬರೆದ ಅಕ್ಷರಗಳು ನಮ್ಮ ತಾಲೂಕಿನಲ್ಲಿ ಈಗಲೂ ಅಲ್ಲಲ್ಲಿ ಇವೆ. ಕೊಟ್ಟ ಅಕ್ಷರವನ್ನು ಅವನು ಮುತ್ತಿನ ಹಾಗೆ ಇಳಿಸುತ್ತಾನೆ, ಆದರೆ ಅದನ್ನು ಓದುವುದು ಅವನಿಗೇ ಕಷ್ಟ. ಕನ್ನಡ ಅವನಿಗೆ ಕಿವಿಯಿಂದ ಬಂದ ಭಾಷೆಯಲ್ಲವಲ್ಲ.

ಒಮ್ಮೆ ಅಂಗಡಿಯವನೊಬ್ಬ ಬೋರ್ಡು ನೋಡಿ ಸಿದ್ದರಾಜುವನ್ನು ಕೆಟ್ಟದಾಗಿ ಬೈದ. ಹುಡುಗಿ ಅದನ್ನು ಅಪ್ಪನಿಗೆ ಹೇಳದೆ, ಏನೂ ಇಲ್ಲ ಎಂದು ಕೈಯಾಡಿಸಿದಳು. ಸಿದ್ದರಾಜು ಕುಂಚ ಕೆಳಗಿಟ್ಟ. ಅಷ್ಟು ಹೊತ್ತು ಆ ಅಂಗಡಿಯವನ ಬಾಯಿ ಸುಮ್ಮನೆ ಆಡಲಿಲ್ಲ ಎಂದು ಸನ್ನೆಯಲ್ಲಿ ಹೇಳಿದ. "ಎಲ್ಲ ಹೇಳು. ಬೈದರೆ ನನ್ನ ಬೈಗುಳ ನನಗೇ ಸೇರಬೇಕು." ಅಂದಿನಿಂದ ಶಾಂಭವಿ ಯಾರ ಮಾತಿನಲ್ಲೂ ಕಡಿಮೆ ಮಾಡಿದವಳಲ್ಲ, ಹೆಚ್ಚು ಮಾಡಿದವಳೂ ಅಲ್ಲ. ಬೆಳೆದ ಮೇಲೆ ಸುತ್ತಲಿನ ಕಿವುಡರೆಲ್ಲ ಅವಳನ್ನು ಕರೆಯತೊಡಗಿದರು. ಹೆಣ್ಣು ನೋಡುವಲ್ಲಿ, ಪೊಲೀಸ್ ಠಾಣೆಯಲ್ಲಿ, ಡಾಕ್ಟರ ಮುಂದೆ ನಿಂತು ಅವಳು ಎರಡೂ ಕಡೆಯ ಮಾತನ್ನು ದಾಟಿಸಿದಳು. ಸಿನಿಮಾ ಮಾತ್ರ ಅವಳ ಕೈಗೆ ಬಂದಿರಲಿಲ್ಲ.

ಅದು ಬಂದದ್ದು ಪ್ರಜ್ಞೇಶನಿಂದ. ಭಾಗಮಂಡಲದ ಕಡೆಯ ಅರೆಭಾಷೆ ಗೌಡರ ಹುಡುಗ, ಗೆಳೆಯರನ್ನು ಕಟ್ಟಿಕೊಂಡು ಒಂದು ಸಿನಿಮಾ ಮಾಡಿದ್ದ. ಅದನ್ನು ಮಡಿಕೇರಿಯಲ್ಲಿ ತೋರಿಸುವಾಗ ಫ್ಲೆಕ್ಸ್ ಬೇಡ, ಕೈಬರಹದ ಬೋರ್ಡೇ ಬೇಕು ಎಂದು ಸಿದ್ದರಾಜುವನ್ನು ಹುಡುಕಿಕೊಂಡು ಬಂದ. ಬೋರ್ಡು ಮುಗಿದ ದಿನ ಸಿದ್ದರಾಜು ಮಗಳ ಮೂಲಕ ಒಂದು ಪ್ರಶ್ನೆ ಕೇಳಿದ. ಎಲ್ಲರೂ ಬನ್ನಿ ಎಂದು ನನ್ನ ಕೈಯಲ್ಲಿ ಬರೆಸಿದ್ದೀರಿ, ಆ ಎಲ್ಲರಲ್ಲಿ ನಾವೂ ಇದ್ದೇವೆಯೇ?

ಪರದೆಯ ಕೆಳಗೆ ಮಾತುಗಳನ್ನು ಅಕ್ಷರದಲ್ಲಿ ಹಾಕಿಸುತ್ತೇನೆ ಎಂದ ಪ್ರಜ್ಞೇಶ. ಓಡುವ ಅಕ್ಷರವನ್ನು ಹಿಡಿದು ಓದಬಲ್ಲವರು ನಮ್ಮಲ್ಲಿ ಕಡಿಮೆ ಎಂದಳು ಶಾಂಭವಿ. ಕೊನೆಗೆ ಕಿವುಡರಿಗಾಗಿಯೇ ಸೋಮವಾರಪೇಟೆಯಲ್ಲಿ ಒಂದು ಪ್ರದರ್ಶನ ಇಡುವುದು, ಪರದೆಯ ಪಕ್ಕದಲ್ಲಿ ಶಾಂಭವಿ ನಿಂತು ಎಲ್ಲವನ್ನೂ ಕೈಮಾತಿಗೆ ತಿರುಗಿಸುವುದು ಎಂದಾಯಿತು.

ಸಿನಿಮಾದ ಕಥೆ ಇಷ್ಟು. ಕೇರಳದ ಗಡಿಯ ಮಾಕುಟ್ಟದ ಕಾಡಿನಲ್ಲಿ ಚೆಕ್‌ಪೋಸ್ಟಿನ ಗೇಟು ಎತ್ತಿ ಇಳಿಸುವ ಮಾದ ಎಂಬವನಿದ್ದಾನೆ. ಬಹಳ ನಾಚಿಕೆಯ ಮನುಷ್ಯ. ಲಾರಿಯವರು ಮಾತಾಡಿಸಿದರೆ ತಲೆ ತಗ್ಗಿಸುತ್ತಾನೆ. ಅವನ ಕೋಣೆಗೆ ದಿನವೂ ಒಬ್ಬ ಹುಡುಗಿ ಬರುತ್ತಾಳೆ. ಸ್ಟೂಲಿನ ಮೇಲೆ ಕೂತು ಅವನನ್ನು ರೇಗಿಸುತ್ತಾಳೆ, ನಗಿಸುತ್ತಾಳೆ. ಅವಳ ಮುಂದೆ ಮಾತ್ರ ಮಾದ ಬಾಯಿ ಬಿಡುತ್ತಾನೆ. ನಿಜದಲ್ಲಿ ಅಂಥ ಹುಡುಗಿಯೇ ಇಲ್ಲ, ಮಾದ ತನ್ನ ಒಂಟಿತನಕ್ಕೆ ಅವಳನ್ನು ಕಟ್ಟಿಕೊಂಡಿದ್ದಾನೆ. ಕೊನೆಯಲ್ಲಿ ಒಂದು ದಿನ ಅವಳು ಬರುವುದಿಲ್ಲ. ಮಾದ ತಾನೇ ಹೊರಗೆ ಬಂದು, ಮೊದಲ ಸಲ, ಒಬ್ಬ ಲಾರಿ ಡ್ರೈವರನನ್ನು ಚಾ ಕುಡಿಯಲು ಕರೆಯುತ್ತಾನೆ.

ಶಾಂಭವಿ ಒಮ್ಮೆ ಸಿನಿಮಾ ನೋಡಿ, ಮಾತುಗಳನ್ನೆಲ್ಲ ಮನಸ್ಸಿಗೆ ಹಾಕಿಕೊಂಡು, ಪ್ರದರ್ಶನದ ಭಾನುವಾರ ಪರದೆಯ ಪಕ್ಕದಲ್ಲಿ ದೀಪದ ಕೆಳಗೆ ನಿಂತಳು. ಕೈಮಾತಿನಲ್ಲಿ ಇಬ್ಬರ ಸಂಭಾಷಣೆ ಹೇಳಲು ಒಂದು ಕ್ರಮವಿದೆ. ಒಬ್ಬನಾಗಿ ಮಾತಾಡುವಾಗ ಭುಜ ಬಲಕ್ಕೆ ತಿರುಗುತ್ತದೆ, ಇನ್ನೊಬ್ಬನಾದಾಗ ಎಡಕ್ಕೆ. ಅವಳು ಹಾಗೆಯೇ ಮಾದನಾದಳು, ಹುಡುಗಿಯಾದಳು, ಡ್ರೈವರನಾದಳು. ಒಂದು ಮಾತೂ ಬಿಡಲಿಲ್ಲ. ದೂರದ ಕುಟ್ಟದಿಂದ ಬಸ್ಸು ಬದಲಿಸಿ ಬಂದಿದ್ದ ಗಂಡಹೆಂಡಿರೂ ಸೇರಿ ಸಭೆಯೆಲ್ಲ ಕಣ್ಣು ಕೀಳದೆ ನೋಡಿತು. ಮುಗಿದ ಮೇಲೆ ಎರಡೂ ಕೈ ಮೇಲೆತ್ತಿ ಅಲ್ಲಾಡಿಸಿ ಮೆಚ್ಚುಗೆ ತೋರಿಸಿದರು.

ಆಮೇಲೆ ಚಾ ಕುಡಿಯುವಾಗ ಚರ್ಚೆ ಶುರುವಾಯಿತು. ಕಿವುಡರ ಸಂಘವನ್ನು ನಡೆಸುವ, ಪಂಕ್ಚರ್ ಅಂಗಡಿಯ ಕುಶಾಲಪ್ಪನಿಗೆ ಸಿಟ್ಟು ಬಂದಿತ್ತು. ಆ ಹುಡುಗಿ ಸರಿಯಿಲ್ಲ, ಪಾಪದವನನ್ನು ಅಷ್ಟು ದಿನ ಆಡಿಸಿ ಯಾವನದೋ ಲಾರಿ ಹತ್ತಿ ಕೇರಳಕ್ಕೆ ಹೋಗಿಬಿಟ್ಟಳು ಎಂಬುದು ಅವನ ವಾದ. ಬೋಜಮ್ಮ ಒಪ್ಪಲಿಲ್ಲ. ಆ ಹುಡುಗಿ ಒಳ್ಳೆಯವಳು, ಪಾಪ, ಅವಳೂ ನಮ್ಮವಳೇ ಎಂದಳು.

ನಮ್ಮವಳು ಎಂದರೇನು ಎಂದು ಶಾಂಭವಿ ಕೇಳಿದಳು.

"ಅವಳು ಕಿವುಡಿ," ಎಂದು ಬೋಜಮ್ಮ ಸನ್ನೆ ಮಾಡಿದಳು. "ನೋಡಲಿಲ್ಲವೇ? ಅಲ್ಲೇ ಕೂತಿದ್ದರೂ ಯಾರೂ ಅವಳ ಮುಖ ನೋಡುವುದಿಲ್ಲ. ಯಾರೂ ಅವಳ ಮಾತಿಗೆ ತಿರುಗುವುದಿಲ್ಲ. ಮಾದ ಒಬ್ಬ ಮಾತ್ರ ನೋಡುತ್ತಾನೆ."

ಸುತ್ತ ಇದ್ದ ಹಲವರು ಹೌದು ಹೌದೆಂದರು. ಒಂಟಿಯಾಗಿ ಯಾರ ಹತ್ತಿರ ಮಾತಾಡುತ್ತಿದ್ದೀಯ ಎಂದು ಡ್ರೈವರ್ ಹೊರಗಿನಿಂದ ಕೇಳುವ ಮಾತನ್ನು ನಾನು ಹೇಳಿದೆನಲ್ಲ ಎಂದು ಶಾಂಭವಿ ನೆನಪಿಸಿದಳು. ಹೇಳಿದೆ, ಕೈಯಾಡಿಸುವವರನ್ನು ಕಂಡರೆ ಜನ ಹಾಗೇ ಹಂಗಿಸುತ್ತಾರೆ ಎಂದ ಕುಶಾಲಪ್ಪ.

ಶಾಂಭವಿ ಚಾದ ಲೋಟ ಕೆಳಗಿಟ್ಟಳು. ಪಕ್ಕದಲ್ಲಿದ್ದ ಪ್ರಜ್ಞೇಶ ಏನೆನ್ನುತ್ತಿದ್ದಾರೆ ಎಂದು ಕೇಳುತ್ತಿದ್ದ. ಅವಳು ಎಲ್ಲವನ್ನೂ ಹೇಳಿದಳು. ಕೇಳುತ್ತ ಕೇಳುತ್ತ ಅವನ ಮುಖ ಬಾಡಿತು. ಅವನು ಸಿನಿಮಾದ ಗುಟ್ಟನ್ನೆಲ್ಲ ಸದ್ದಿನಲ್ಲಿ ಇಟ್ಟಿದ್ದ. ತರಗೆಲೆಯ ಮೇಲೆ ಮಾದ ನಡೆದರೆ ಚರಪರ ಸದ್ದು, ಅವಳು ನಡೆದರೆ ಸದ್ದಿಲ್ಲ. ಅವಳು ಮಾತಾಡುವಾಗ ಜೀರುಂಡೆಗಳ ಕೂಗು ನಿಂತುಹೋಗುತ್ತದೆ. ಅವಳು ಲೋಟ ಇಟ್ಟರೆ ಶಬ್ದವಿಲ್ಲ. ಮಡಿಕೇರಿಯಲ್ಲಿ ನೋಡಿದವರು ಅರ್ಧ ಸಿನಿಮಾದ ಹೊತ್ತಿಗೆ ಒಬ್ಬೊಬ್ಬರಾಗಿ ಅದನ್ನು ಹಿಡಿದಿದ್ದರು. ಇಲ್ಲಿ ಕೂತವರಿಗೆ ಸಿನಿಮಾದಲ್ಲಿ ಎಲ್ಲರೂ ಒಂದೇ. ಯಾರ ಹೆಜ್ಜೆಗೂ ಸದ್ದಿಲ್ಲ.

ಎರಡು ದಿನ ಬಿಟ್ಟು ಪ್ರಜ್ಞೇಶ ಔಷಧಿ ಅಂಗಡಿಗೆ ಬಂದ. ಅವನು ಪರಿಹಾರ ಹುಡುಕಿಕೊಂಡೇ ಬಂದಿದ್ದ.

"ಎಂತ ಇಲ್ಲ ಶಾಂಭವಿ, ಶುರುವಲ್ಲೇ ಪರದೆಯಲ್ಲಿ ಬರೆದ ಒಂದು ಕಾರ್ಡ್ ಹಾಕುವ. ಈ ಹುಡುಗಿ ನಿಜವಾಗಿ ಇಲ್ಲ ಅಂತ. ನೀವು ಅದನ್ನು ಕೈಯಲ್ಲಿ ಹೇಳಿಬಿಡಿ, ಮುಗೀತಲ್ಲ."

"ಮಡಿಕೇರೀಲಿ ಕಾರ್ಡ್ ಹಾಕಿದ್ರಾ?"

"ಇಲ್ಲ."

"ಮತ್ತೆ ನಮ್ಮೋರಿಗೆ ಯಾಕೆ? ಕಿವಿ ಇರೋರಿಗೆ ನಿಧಾನಕ್ಕೆ ಬಿಚ್ಚಿ ತೋರಿಸಿದ್ದನ್ನ ಇವರಿಗೂ ಹಂಗೇ ನಿಧಾನಕ್ಕೆ ಬಿಚ್ಬೇಕು. ಮೊದಲೇ ಹೇಳಿಬಿಟ್ರೆ ಅದು ಸಿನಿಮಾ ಅಲ್ಲ, ಸಮಾಚಾರ."

ಪ್ರಜ್ಞೇಶ ಸ್ವಲ್ಪ ಯೋಚಿಸಿ, ಅವಳು ಕಿವುಡಿ ಎಂದು ಅವರು ತಿಳಿದುಕೊಂಡದ್ದೇ ತನ್ನ ಕಥೆಗಿಂತ ಚೆನ್ನಾಗಿದೆ, ಹಾಗೇ ಬಿಟ್ಟರೆ ಏನಾಗುತ್ತದೆ ಎಂದ. ಅವನು ಮನಸ್ಸಿನಿಂದಲೇ ಹೇಳಿದ್ದ. ಶಾಂಭವಿಗೂ ಆ ಮಾತು ಒಂದು ಕ್ಷಣ ಹಿಡಿಸಿತು. ಆದರೆ ಅವಳು ತಲೆಯಾಡಿಸಿದಳು. ಇರುವುದೆಲ್ಲ ತಿಳಿದ ಮೇಲೆ ಅವರು ಹಾಗೆಂದುಕೊಳ್ಳಲಿ, ಅದು ಅವರಿಷ್ಟ. ಇರುವುದು ತಲುಪದೆ ಹಾಗೆಂದುಕೊಂಡರೆ ಅದು ತನ್ನ ಕೆಲಸ ಕೆಟ್ಟಂತೆ. ಮತ್ತೊಂದು ಪ್ರದರ್ಶನ ಇಡಿ, ಕಾಫಿ ಸುಗ್ಗಿ ಮುಗಿದು ಹಣ್ಣು ಕೊಯ್ಯುವ ಪಿಕಿಂಗಿನವರಿಗೆ ಬಿಡುವಾಗಲಿ, ಅಷ್ಟರಲ್ಲಿ ನಾನು ದಾರಿ ಹುಡುಕುತ್ತೇನೆ ಎಂದಳು.

ದಾರಿ ಸುಲಭವಾಗಿ ಸಿಗಲಿಲ್ಲ. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಕೌಂಟರಿನ ಹಿಂದೆ ಮೊಬೈಲಿನಲ್ಲಿ ಸಿನಿಮಾ ಹಾಕಿಕೊಂಡು ಒಂದೊಂದು ತುಂಡನ್ನೂ ಮತ್ತೆ ಮತ್ತೆ ನೋಡಿದಳು. ಮೊದಲು ಸದ್ದುಗಳನ್ನೇ ಕೈಮಾತಿನಲ್ಲಿ ಹೇಳಿ ನೋಡಿದಳು. ಹುಡುಗಿ ನಡೆಯುತ್ತಾಳೆ, ಎಲೆ ಸದ್ದು ಮಾಡುವುದಿಲ್ಲ. ಬೋಜಮ್ಮ ಅದನ್ನು ನೋಡಿ, ಎಲೆ ಸದ್ದು ಮಾಡದಿದ್ದರೆ ಏನಾಯಿತು ಎಂದು ಕೇಳಿದಳು. ಆಮೇಲೆ ಹುಡುಗಿಯ ಮಾತನ್ನು ಮಸುಕಾಗಿ, ಸಣ್ಣ ಸನ್ನೆಗಳಲ್ಲಿ ಹೇಳಿದಳು. ಇವಳಿಗೇನು ಜ್ವರವೇ ಎಂದಳು ಬೋಜಮ್ಮ. ಭುಜ ತಿರುಗಿಸುವಾಗ ಕಣ್ಣು ಮೇಲೆ ಮಾಡಿ ನೋಡಿದಳು. ಅದು ದೆವ್ವದ ಕಥೆಯಾಯಿತು. ಮಾದನಿಗೆ ಹುಚ್ಚು ಎಂಬಂತೆ ಮುಖ ಮಾಡಿದರೆ ಅವಳಿಗೇ ಕೈ ಬರಲಿಲ್ಲ. ಮಾದ ಹುಚ್ಚನಲ್ಲ ಎಂಬುದು ಅವಳಿಗೆ ಗಟ್ಟಿಯಾಗಿತ್ತು.

ಬಿಟ್ಟುಬಿಡು, ಬೇರೆ ಸಿನಿಮಾ ತೋರಿಸೋಣ, ಹೊಡೆದಾಟ ಇರುವುದು ತರಿಸು ಎಂದು ಕುಶಾಲಪ್ಪ ಹೇಳಿಕಳಿಸಿದ. ಅವಳು ಬಿಡಲಿಲ್ಲ.

ಒಂದು ಭಾನುವಾರ ಸಿದ್ದರಾಜು ಊರ ಹೊರಗಿನ ಎಸ್ಟೇಟೊಂದರ ಗೇಟಿಗೆ ಹೆಸರು ಬರೆಯುತ್ತಿದ್ದ. ಶಾಂಭವಿ ಅವನಿಗೆ ಬುತ್ತಿ ತೆಗೆದುಕೊಂಡು ಹೋಗಿದ್ದಳು. ಅವನು ಉಂಡು ಬಣ್ಣ ಕಲಸುವಾಗ ಅವಳು ಅಲ್ಲೇ ಮೋರಿಯ ಕಟ್ಟೆಯ ಮೇಲೆ ಕೂತು ಸಿನಿಮಾದ ಒಂದು ತುಂಡನ್ನು ಅಭ್ಯಾಸ ಮಾಡತೊಡಗಿದಳು. ಭುಜ ಬಲಕ್ಕೆ, ಭುಜ ಎಡಕ್ಕೆ. ಅಪ್ಪ ಕುಂಚ ನಿಲ್ಲಿಸಿ ನೋಡುತ್ತಿದ್ದ. ಅವಳು ಸೋತು ಕೈ ಕೆಳಗಿಟ್ಟು, ಆ ಹುಡುಗಿಯ ಗುಟ್ಟನ್ನು ಅವನಿಗೆ ಹೇಳಿಬಿಟ್ಟಳು. ಅವಳು ಇಲ್ಲ ಅಪ್ಪ, ಮಾದನೇ ಅವಳನ್ನು ಮಾಡಿಕೊಂಡಿದ್ದಾನೆ, ಅದನ್ನು ಹೇಗೆ ತೋರಿಸಬೇಕೋ ತಿಳಿಯದು ಎಂದಳು.

ಸಿದ್ದರಾಜು ಬಟ್ಟೆಯಲ್ಲಿ ಕೈ ಒರೆಸಿಕೊಂಡು ಅವಳ ಎದುರು ಬಂದು ಕುಕ್ಕರುಗಾಲಲ್ಲಿ ಕೂತ.

"ನೀನು ಇಬ್ಬರನ್ನು ಮಾಡುತ್ತಿದ್ದೀಯ. ಇರುವವನು ಒಬ್ಬ," ಎಂದ. ನಂತರ ಒಂದು ವಿಷಯ ಹೇಳಿದ. ಅದನ್ನು ಅವನು ಬೋಜಮ್ಮನಿಗೂ ಹೇಳಿರಲಿಲ್ಲ.

ಮೈಸೂರಿನ ಕಿವುಡ ಮಕ್ಕಳ ಶಾಲೆಗೆ ಸೇರಿಸುವ ತನಕ ಅವನು ಊರಲ್ಲಿ ದನ ಕಾಯುತ್ತಿದ್ದ. ಅವನ ಊರಿನಲ್ಲಿ ಇನ್ನೊಬ್ಬ ಕಿವುಡನಿರಲಿಲ್ಲ. ಬಾ, ಹೋಗು, ಉಣ್ಣು ಎಂದು ಕೈ ತೋರಿಸುವವರಿದ್ದರು, ಅದರಾಚೆ ಮಾತಿರಲಿಲ್ಲ. ಮಾತು ಎಂಬುದೊಂದು ಇದೆಯೆಂದೂ ಅವನಿಗೆ ಗೊತ್ತಿರಲಿಲ್ಲ. ಆದರೂ ಒಳಗೆ ಏನೋ ತುಂಬಿಕೊಳ್ಳುತ್ತಿತ್ತು. ದನಗಳು ಮೇಯುವಾಗ ಅವನ ಬಲಗೈ ಏನೋ ಕೇಳುತ್ತಿತ್ತು, ಎಡಗೈ ಉತ್ತರ ಕೊಡುತ್ತಿತ್ತು. ಎಡಗೈ ಬೇರೆಯೇ ಒಬ್ಬ. ಅವನು ಧೈರ್ಯದವನು, ತಮಾಷೆಯವನು, ದೊಡ್ಡ ಹೋರಿಯನ್ನೂ ಅಣಕಿಸುವವನು. ಬಲಗೈ ಮಾತ್ರ ಸಿದ್ದರಾಜುವಿನ ಹಾಗೆ ಅಂಜುಬುರುಕ. ಒಮ್ಮೆ ಜನ ನೋಡಿ ನಕ್ಕರು. ಅವನ ಅವ್ವ ಎಡಗೈಗೆ ಹೊಡೆದಳು. ಅಲ್ಲಿಂದ ಆ ಆಟವನ್ನು ಅವನು ಮರೆಯಲ್ಲಿ ಆಡಿದ.

ಈ ಮನುಷ್ಯನ ಮಾತುಗಳನ್ನೆಲ್ಲ ಊರಿಗೆ ದಾಟಿಸಿದ್ದು ತಾನೇ ಎಂದು ಶಾಂಭವಿ ಅಂದುಕೊಂಡಿದ್ದಳು. ಅವನಿಗೆ ಮಾತೇ ಇಲ್ಲದಿದ್ದ ಕಾಲದ ಬಗ್ಗೆ ಅವಳು ಒಮ್ಮೆಯೂ ಕೇಳಿರಲಿಲ್ಲ.

ಇದನ್ನು ಸಿನಿಮಾಕ್ಕೆ ತೆಗೆದುಕೊಳ್ಳಲೇ ಎಂದು ಅವಳು ಕೇಳಿದಳು. ಅವನು ಬೇಗ ಒಪ್ಪಲಿಲ್ಲ. ಎದ್ದು ಹೋಗಿ ಗೇಟಿನ ಮೇಲೆ ಒಂದು ಅಕ್ಷರ ಪೂರ್ತಿ ತುಂಬಿದ. ತಿರುಗಿ ಬಂದು, "ತೆಗೆದುಕೋ. ಆದರೆ ಎಡಗೈಯನ್ನು ರೋಗ ಮಾಡಬೇಡ. ಅವನು ನನಗೆ ಒಳ್ಳೆಯದನ್ನೇ ಮಾಡಿದ," ಎಂದ.

ಮಾರನೆಯ ದಿನದಿಂದ ಶಾಂಭವಿಯ ಅಭ್ಯಾಸ ಬೇರೆಯಾಯಿತು. ಇನ್ನು ಭುಜ ತಿರುಗುವುದಿಲ್ಲ. ಮಾದನ ಮಾತು ಬಲಗೈಯಲ್ಲಿ, ಹುಡುಗಿಯ ಮಾತು ಎಡಗೈಯಲ್ಲಿ, ನಿಂತವನು ಒಬ್ಬನೇ. ಹೇಳುವುದು ಸುಲಭ. ಅವಳು ಬಲಗೈಯವಳು, ಎಡಗೈಯಲ್ಲಿ ಮಾತಾಡಿದರೆ ಬೆರಳು ತೊಡರುತ್ತಿತ್ತು. ಬೋಜಮ್ಮ ನೋಡಿ, ನಿನ್ನ ಹುಡುಗಿಗೆ ಉಗ್ಗು ಇದೆ ಎಂದಳು. ಉಗ್ಗಿದರೆ ಉಗ್ಗಲಿ, ಇಲ್ಲದವಳಲ್ಲವೇ ಎಂದು ಶಾಂಭವಿಗೆ ಒಂದೆರಡು ದಿನ ಅನಿಸಿತು. ಆದರೆ ಅಪ್ಪ ಹೇಳಿದ್ದು ನೆನಪಿತ್ತು, ಸಿನಿಮಾದಲ್ಲೂ ಹಾಗೇ ಇತ್ತು. ಉಗ್ಗುವವನು ಮಾದ. ಹುಡುಗಿಯ ಮಾತು ನೀರಿನ ಹಾಗೆ ಹರಿಯುತ್ತದೆ. ಅವನಿಗೆ ಬಾರದ ಮಾತೆಲ್ಲ ಅವಳಿಗೆ ಬರುತ್ತದೆ, ಅದಕ್ಕೇ ಅವಳು ಅವನಿಗೆ ಬೇಕು. ಹಾಗಾದರೆ ಎಡಗೈ ಬಲಗೈಗಿಂತ ಚುರುಕಾಗಬೇಕು.

ಅವಳು ಹಟ ಹಿಡಿದಳು. ಅಂಗಡಿಯಲ್ಲಿ ಮಾತ್ರೆಯ ಹಾಳೆ ಕತ್ತರಿಸುವುದು, ಕವರು ಕಟ್ಟುವುದು ಎಲ್ಲ ಎಡಗೈಯಲ್ಲೇ ಮಾಡತೊಡಗಿದಳು. ಒಂದು ಸಿರಪ್ಪಿನ ಬಾಟಲಿ ಒಡೆಯಿತು. ಮಾಲೀಕರು ಏನಮ್ಮಾ ಇದು ಎಂದರು, ಅದರ ದುಡ್ಡು ಅವಳು ಕೊಟ್ಟಳು. ಮನೆಯಲ್ಲಿ ಬಲಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಇಡೀ ಸಂಜೆ ತಂದೆತಾಯಿಯೊಂದಿಗೆ ಎಡಗೈಯಲ್ಲೇ ಮಾತಾಡಿದಳು. ಮಣಿಕಟ್ಟು ಬಾತುಕೊಂಡಿತು. ಮುಲಾಮು ಹಚ್ಚಿಕೊಂಡು ಮತ್ತೆ ಶುರುಮಾಡಿದಳು. ಬೋಜಮ್ಮನಿಗೆ ಕಾರಣ ಹೇಳಿರಲಿಲ್ಲ. ಹೇಳಿದರೆ ಸಿನಿಮಾ ಅವಳ ಪಾಲಿಗೆ ಮುಗಿದುಹೋಗುತ್ತಿತ್ತು. ಸಿದ್ದರಾಜು ಮಾತ್ರ ದಿನವೂ ಎದುರು ಕೂತು ನೋಡಿದ, ತಿದ್ದಿದ. ಹುಡುಗಿಗೆ ಒಂದು ಹೆಸರಿನ ಸನ್ನೆ ಬೇಕಿತ್ತು. ಎಡಗೈಯ ಹೆಬ್ಬೆರಳಿನಿಂದ ಎದೆಯನ್ನು ಮೆಲ್ಲಗೆ ಮುಟ್ಟುವುದನ್ನು ಅವನೇ ಸೂಚಿಸಿದ.

ಕೊನೆಯ ದೃಶ್ಯದಲ್ಲಿ ತಂದೆಮಗಳಿಗೆ ಜಗಳವಾಯಿತು. ಹುಡುಗಿ ಹೋಗುವುದನ್ನು ತೋರಿಸಲು ಶಾಂಭವಿ ಎಡಗೈಯನ್ನು ಬೆನ್ನ ಹಿಂದೆ ಇಟ್ಟಳು. ಅದು ಸುಳ್ಳು ಎಂದ ಸಿದ್ದರಾಜು. ಪರದೆಯಲ್ಲಿ ಅವಳು ಇಲ್ಲವಲ್ಲ ಎಂದು ಶಾಂಭವಿ ವಾದಿಸಿದಳು.

"ಶಾಲೆಗೆ ಹೋದ ಮೇಲೆ ನನ್ನ ಎಡಗೈ ಎಲ್ಲಿಗೆ ಹೋಯಿತು?" ಎಂದು ಅವನು ಕೇಳಿದ. "ಎಲ್ಲಿಗೂ ಹೋಗಲಿಲ್ಲ. ಬೇರೆಯವರ ಹತ್ತಿರ ಮಾತಾಡಲು ಎರಡೂ ಕೈ ಬೇಕಾಯಿತು."

ನಮ್ಮ ಕಡೆಯ ಕೈಮಾತಿನಲ್ಲಿ ಎರಡು ಕೈ ಸೇರಿಸಿ ಹೇಳುವ ಮಾತುಗಳು ಬಹಳ. ಶಾಂಭವಿ ಕೂತಲ್ಲೇ ಅದನ್ನು ಮನಸ್ಸಿನಲ್ಲಿ ಮಾಡಿ ನೋಡಿದಳು. ಆಮೇಲೆ ಎದ್ದು ನಿಂತು ಕೊನೆಯ ದೃಶ್ಯವನ್ನು ಹೊಸದಾಗಿ ಕಟ್ಟಿದಳು.

ಎರಡನೆಯ ಪ್ರದರ್ಶನ ಏಪ್ರಿಲಿನ ಒಂದು ಭಾನುವಾರ ಬೆಳಿಗ್ಗೆ ನಡೆಯಿತು. ನೋಡಿದ ಸಿನಿಮಾವನ್ನೇ ಮತ್ತೆ ನೋಡಲು ಯಾರು ಬರುತ್ತಾರೆ ಎಂದು ಪ್ರಜ್ಞೇಶನಿಗೆ ಅಳುಕಿತ್ತು. ಆದರೆ ಹೆಚ್ಚಿನವರು ಬಂದರು, ಆ ಹುಡುಗಿಯ ಮೇಲಿನ ಸಿಟ್ಟಿಗೆ ಕುಶಾಲಪ್ಪನೂ ಬಂದ. ಶಾಂಭವಿ ಕಪ್ಪು ಕುಪ್ಪಸದ ತೋಳು ಮಡಚಿಕೊಂಡು ಪರದೆಯ ಪಕ್ಕದಲ್ಲಿ ನಿಂತಳು.

ಹುಡುಗಿ ಮೊದಲ ಸಲ ಕೋಣೆಗೆ ಬಂದು ಮಾತಾಡಿದಾಗ, ಎಡಗೈಯೊಂದೇ ಆಡುವುದನ್ನು ಕಂಡು ಸಭೆಯಲ್ಲಿ ಕೆಲವರು ಹುಬ್ಬು ಗಂಟಿಕ್ಕಿದರು. ಶಾಂಭವಿಯ ಬಲಗೈಗೆ ಏನಾಗಿದೆ ಎಂದು ಒಬ್ಬಳು ಪಕ್ಕದವಳನ್ನು ಕೇಳಿದ್ದು ಅವಳಿಗೆ ಕಂಡಿತು. ಅವಳು ಮುಂದುವರಿಸಿದಳು. ಬಲಗೈ ತಡವರಿಸಿ ಕೇಳಿತು, ಎಡಗೈ ನಗುತ್ತ ಉತ್ತರಿಸಿತು. ಡ್ರೈವರ್ ಬಂದಾಗ ಮಾತ್ರ ಭುಜ ತಿರುಗಿತು. ಹೀಗೆ ಬಹಳ ಹೊತ್ತು ನಡೆಯಿತು. ಯಾರ ಮುಖದಲ್ಲೂ ಏನೂ ಬದಲಾಗದಿದ್ದದ್ದನ್ನು ಕಂಡು ಅವಳಿಗೆ ಒಳಗೊಳಗೇ ಹೆದರಿಕೆಯಾಯಿತು. ಕೈ ನಿಲ್ಲಿಸಲಿಲ್ಲ.

ಮೊದಲು ಹಿಡಿದದ್ದು ಕುಟ್ಟದಿಂದ ಬಂದ ಹೆಂಗಸು. ಅವಳು ತನ್ನ ಎಡಗೈಯನ್ನು ಮಡಿಲಿನಿಂದ ಎತ್ತಿ ನೋಡಿಕೊಂಡಳು, ಪರದೆಯ ಹುಡುಗಿಯನ್ನು ನೋಡಿದಳು, ಗಂಡನ ತೊಡೆ ತಟ್ಟಿದಳು. ಸ್ವಲ್ಪ ಹೊತ್ತಿಗೆ ಇನ್ನೊಂದು ಮೂಲೆಯಲ್ಲಿ ಒಬ್ಬ ಬಾಯಿಯ ಮೇಲೆ ಕೈಯಿಟ್ಟುಕೊಂಡ. ಕುಶಾಲಪ್ಪ ಮುಂದಕ್ಕೆ ಬಾಗಿ ಕೂತ. ಯಾರೂ ಯಾರಿಗೂ ಹೇಳಲಿಲ್ಲ. ಒಬ್ಬೊಬ್ಬರಿಗೂ ಅದು ತಮ್ಮ ತಮ್ಮ ಹೊತ್ತಿಗೆ ತಲುಪಿತು. ಒಂಟಿಯಾಗಿ ಯಾರ ಹತ್ತಿರ ಮಾತಾಡುತ್ತಿದ್ದೀಯ ಎಂದು ಡ್ರೈವರ್ ಕೇಳಿದಾಗ ಸಭೆಯೆಲ್ಲ ಅಲುಗಾಡದೆ ಕೂತಿತ್ತು. ಈ ಸಲ ಅದು ಯಾರಿಗೂ ಹಂಗಿಸುವ ಮಾತಾಗಿ ಕಾಣಲಿಲ್ಲ.

ಕೊನೆಯಲ್ಲಿ ಸ್ಟೂಲು ಖಾಲಿ ಇತ್ತು. ಮಾದ ಬಾಗಿಲ ಕಡೆ ನೋಡಿದ, ಆಮೇಲೆ ಹೊರಗೆ ಬಂದ. ಚಾ ಕುಡಿಯುತ್ತೀರಾ ಎಂದು ಕೇಳಿದ. ಶಾಂಭವಿ ಅದನ್ನು ಎರಡೂ ಕೈಯಲ್ಲಿ ಹೇಳಿದಳು. ಹೇಳುವಾಗ ಅವಳ ಬೆರಳು ಒಂದಿಷ್ಟೂ ತಡವರಿಸಲಿಲ್ಲ.

ದೀಪ ಹಾಕಿದ ಮೇಲೆ ಬೋಜಮ್ಮ ಎದ್ದು ಬಂದು ಮಗಳ ಬಾತ ಮಣಿಕಟ್ಟನ್ನು ಹಿಡಿದು ನೋಡಿ, ಇದಕ್ಕಾಗಿಯೋ ಎಂದು ಕೇಳಿದಳು. ಹೌದೆಂದಾಗ ತನ್ನ ಜಾಗಕ್ಕೆ ಹೋಗಿ ಕೂತಳು. ಆಮೇಲೆ ಚರ್ಚೆ ಮೊದಲಿನದಕ್ಕಿಂತ ಜೋರಾಯಿತು. ಬೋಜಮ್ಮ ತನ್ನ ಮಾತು ಪೂರ್ತಿ ಬಿಡಲಿಲ್ಲ. ಅವಳು ಮನಸ್ಸಿನೊಳಗೇ ಇದ್ದವಳಾಗಲಿ, ಮಾದ ಅವಳನ್ನು ನಮ್ಮ ಹಾಗೆಯೇ ಮಾಡಿಕೊಂಡಿದ್ದ ಎಂದಳು. ಕುಶಾಲಪ್ಪನಿಗೆ ಮಾದನ ಮೇಲೆಯೇ ಆಕ್ಷೇಪವಿತ್ತು. ಅಷ್ಟು ಒಂಟಿಯಾಗಿದ್ದರೆ ಮಾಕುಟ್ಟದಿಂದ ಒಂದು ಬಸ್ಸು ಹತ್ತಿ ನಮ್ಮ ಸಂಘದ ಭಾನುವಾರದ ಕೂಟಕ್ಕೆ ಬರಬಹುದಿತ್ತು ಎಂದ. ಕುಟ್ಟದ ಹೆಂಗಸು ಮಾತ್ರ, ಇದನ್ನು ಕಲಿಸಿದವರು ಯಾರು ಎಂದು ಶಾಂಭವಿಯನ್ನು ಕೇಳಿ, ಸಿದ್ದರಾಜುವಿನ ಎದುರು ಹೋಗಿ ನಿಂತಳು. ತಾನೂ ಸಣ್ಣವಳಿದ್ದಾಗ ಕೆರೆಯ ನೀರಿನಲ್ಲಿ ಕಾಣುವ ಹುಡುಗಿಯೊಂದಿಗೆ ಮಾತಾಡುತ್ತಿದ್ದೆ ಎಂದು ಹೇಳಿದಳು. ಸಿದ್ದರಾಜು ಅವಳಿಗೆ ಕುರ್ಚಿ ಎಳೆದುಕೊಟ್ಟ. ಇಬ್ಬರೂ ಬಹಳ ಹೊತ್ತು ಮಾತಾಡಿದರು. ಅದನ್ನು ಶಾಂಭವಿ ನೋಡಲು ಹೋಗಲಿಲ್ಲ.

ಪ್ರಜ್ಞೇಶ ಆ ದಿನವೇ, ಶಾಂಭವಿ ಕೈಮಾತು ಆಡುವುದನ್ನು ಚಿತ್ರಿಸಿಕೊಂಡು ಸಿನಿಮಾದ ಮೂಲೆಯಲ್ಲಿ ಸೇರಿಸುವ ಮಾತೆತ್ತಿದ. ಮೂಲೆಯಲ್ಲಿ ಸಣ್ಣ ಕಿಟಕಿಯಾದರೆ ಬೆರಳು ಕಾಣುವುದಿಲ್ಲ, ಪರದೆಯ ಕಾಲು ಭಾಗ ಬೇಕು ಎಂದಳು. ಚಿತ್ರ ಹಾಳಾಗುತ್ತದಲ್ಲ ಎಂದ. ಹಾಳಾಗದ ಹಾಗೆ ಮಾಡುವುದು ನಿಮ್ಮ ಕೆಲಸ ಎಂದಳು. ಅವನು ಒಪ್ಪಿದ, ಮಾಡಿದ. ಈಗ ಆ ಸಿನಿಮಾ ಹೋದಲ್ಲೆಲ್ಲ ಪರದೆಯ ಮೇಲೆ ಅವಳೂ ಹೋಗುತ್ತಾಳೆ.

ಕಳೆದ ವರ್ಷ ಅವನು ಕುಟ್ಟದ ಕಡೆ ಇನ್ನೊಂದು ಸಿನಿಮಾ ಶುರುಮಾಡಿದ. ಎಲ್ಲ ಮುಗಿದ ಮೇಲೆ ಬಂದು ಕೈಯಾಡಿಸುವುದು ತನಗೆ ಬೇಡ, ಶೂಟಿಂಗಿನ ಮೊದಲ ದಿನದಿಂದ ಕೂರುತ್ತೇನೆ ಎಂದು ಶಾಂಭವಿ ಹಟ ಮಾಡಿದಳು. ಬರುವಂತೆ ಅವನು ಹೇಳಿದ. ಅಂಗಡಿಯ ಮಾಲೀಕರು, ಅಷ್ಟು ದಿನ ಕೌಂಟರಿಗೆ ಯಾರು ಎಂದು ಕೇಳಿದರು. ಅವಳು ಪಕ್ಕದ ಬೀದಿಯ ಫಾರ್ಮಸಿ ಓದಿದ ಹುಡುಗಿಯೊಬ್ಬಳನ್ನು ಕರೆತಂದು ನಿಲ್ಲಿಸಿ, ಕೆಲಸವನ್ನೆಲ್ಲ ಕಲಿಸಿಕೊಟ್ಟು, ಸಂತೆಯ ಮರುದಿನ ಬೆಳಗಿನ ಬಸ್ಸಿಗೆ ಕುಟ್ಟಕ್ಕೆ ಹೊರಟಳು.